ಸೋಲುತ್ತಿರುವವರಿಗೆ ಸಿಗಬೇಕಾದ ಸಮಯ

(ಧಾರವಾಡದಲ್ಲಿ ಕ್ರೀಡಾಸಕ್ತರ ಸಂಜೆಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಕ್ಷರೆ, ಹುಬ್ಬಳ್ಳಿ, ಧಾರವಾಡ ಮತ್ತು ಗದಗಿನಿಂದ ಬಂದಿರುವ ಕ್ರೀಡಾಭಿಮಾನಿಗಳೆ,

2025ರ ಜುಲೈ 13 ರವಿವಾರವಾಗಿತ್ತು. ಅಂದು ಮಧ್ಯಾಹ್ನ ಮೂರೂವರೆಗೆ ಲಾರ್ಡ್ಸ್‌ನಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವಿನ ಟೆಸ್ಟ್‌ನ ನಾಲ್ಕನೆಯ ದಿನದಾಟ ಆರಂಭವಾಯಿತು. ರಾತ್ರಿ ಎಂಟೂವರೆಗೆ ಅದೇ ಲಂಡನ್ ನಗರದ ಇನ್ನೊಂದು ಮೂಲೆಯಲ್ಲಿ ಸಿನ್ನರ್ ಮತ್ತು ಅಲ್ಕರಾಜ್ ವಿಂಬಲ್ಡನ್ ಟೆನಿಸ್ ಫೈನಲ್‌ಗೆ ಇಳಿದರು. ನಡುರಾತ್ರಿ ಹನ್ನೆರಡೂವರೆಗೆ ಅಮೆರಿಕದಲ್ಲಿ ಚೆಲ್ಸಿ ಮತ್ತು ಪ್ಯಾರಿಸ್ ಸೇಂಟ್ ಜರ್ಮೈನ್ ತಂಡಗಳ ನಡುವೆ ಫುಟ್‌ಬಾಲಿನ ಕ್ಲಬ್ ವಿಶ್ವಕಪ್ ಫೈನಲ್ ಶುರುವಾಯಿತು. ಮೂರೂ ಆಟಗಳ ಮೇಲೆ ಮೋಹವಿರುವ ನಮ್ಮಂಥವರಿಗೆ ಅದು ಹಬ್ಬವೂ ಹೌದು, ಪೀಡೆಯೂ ಹೌದು. ಇಂಗ್ಲೆಂಡ್ 192ಕ್ಕೆ ಉರುಳಿ, ಭಾರತ 193ರ ಗುರಿ ಬೆನ್ನಟ್ಟಲು ಹೋಗಿ ದಿನದ ಕೊನೆಗೆ 58ಕ್ಕೆ ನಾಲ್ಕು ವಿಕೆಟ್ ಕಳೆದುಕೊಂಡು ಕುಳಿತಿದ್ದ ಹೊತ್ತಿಗೆ ರಿಮೋಟಿನ ಗುಂಡಿಗಳು ಸವೆದಿರಬೇಕು.

ಹೀಗೆ ಮೂರು ಆಟಗಳನ್ನು ಒಟ್ಟಿಗೆ ನೋಡುವವನಿಗೆ ಮೂರಕ್ಕೂ ಒಪ್ಪುವ ಒಂದು ಅಳತೆ ಬೇಕಾಗುತ್ತದೆ. ಯಾವ ಆಟಗಾರ ದೊಡ್ಡವನು, ಯಾವ ಕ್ಲಬ್ ಶ್ರೀಮಂತವಾದದ್ದು ಎಂಬ ಚರ್ಚೆಯನ್ನು ನಮ್ಮ ಚಹಾದ ಅಂಗಡಿಗಳು ನನಗಿಂತ ಚೆನ್ನಾಗಿ ನಡೆಸುತ್ತವೆ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಸೋಲುತ್ತಿರುವ ಕಡೆಯವರಿಗೆ ಮರಳಿ ಬರಲು ಆಟ ಎಷ್ಟು ಸಮಯ ಕೊಡುತ್ತದೆ, ಮತ್ತು ಆಟ ನಡೆಸುವವರು ಆ ಸಮಯವನ್ನು ಕಾಯುತ್ತಾರೆಯೋ ಕಸಿಯುತ್ತಾರೆಯೋ? ಈ ಸಂಜೆ ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಟೆಸ್ಟ್ ಕ್ರಿಕೆಟ್ಟಿನ ಮಾತು ಬಂದಾಗ ನಮ್ಮ ಊರಿನಲ್ಲಿ ತಪ್ಪದೆ ಎದುರಾಗುವ ಒಂದು ಆಕ್ಷೇಪವಿದೆ: “ಐದು ದಿನಾ ಆಡಿ ಡ್ರಾ ಆದ್ರ ಏನ್ ಬಂತ್ರೀ ಸರ?” ಇದಕ್ಕೆ ತಾತ್ವಿಕ ಉತ್ತರ ಕೊಡುವ ಬದಲು ಅದೇ ಸರಣಿಯ ಮ್ಯಾಂಚೆಸ್ಟರ್ ಟೆಸ್ಟನ್ನು ನೆನಪಿಸುತ್ತೇನೆ. ಭಾರತ 311 ರನ್ನುಗಳ ಹಿನ್ನಡೆಯೊಂದಿಗೆ ಎರಡನೆಯ ಇನಿಂಗ್ಸ್ ಆರಂಭಿಸಿತು. ಮೊದಲ ಓವರಿನಲ್ಲೇ ಕ್ರಿಸ್ ವೋಕ್ಸ್ ಎರಡು ವಿಕೆಟ್ ಕಿತ್ತಾಗ ಸ್ಕೋರು ಫಲಕದಲ್ಲಿ ರನ್ನಿನ ಜಾಗದಲ್ಲಿ ಸೊನ್ನೆಯಿತ್ತು. ಅಲ್ಲಿಂದ ನಮ್ಮ ಕೆ.ಎಲ್. ರಾಹುಲ್ 90 ರನ್, ನಾಯಕ ಶುಭಮನ್ ಗಿಲ್ 103 ರನ್ ಗಳಿಸಿ ದಿನವನ್ನು ದಾಟಿಸಿದರು. ಅವರ ನಂತರ ರವೀಂದ್ರ ಜಡೇಜ ಮತ್ತು ವಾಷಿಂಗ್ಟನ್ ಸುಂದರ್ ಇಬ್ಬರೂ ಔಟಾಗದೆ ಶತಕ ಬಾರಿಸಿದರು. ಪಂದ್ಯ ಇನ್ನು ಡ್ರಾ ಎಂದು ಖಚಿತವಾದ ಮೇಲೆ ಇಂಗ್ಲೆಂಡ್ ನಾಯಕ ಬೆನ್ ಸ್ಟೋಕ್ಸ್ ಕೈಕುಲುಕಿ ಮುಗಿಸಲು ಬಂದರೆ ಈ ಇಬ್ಬರೂ ಒಪ್ಪದೆ ಶತಕ ಪೂರೈಸಿಯೇ ಹೊರಟರು. ಕೆಲವರು ಅದನ್ನು ಸಣ್ಣತನ ಎಂದರು. ದಿನವಿಡೀ ದುಡಿದವನು ಸಂಜೆ ಕೂಲಿ ಕೇಳಿದರೆ ಅದು ಸಣ್ಣತನ ಹೇಗಾಗುತ್ತದೆಯೋ ನನಗೆ ಅರ್ಥವಾಗಲಿಲ್ಲ. ಡ್ರಾ ಆಗಿ ಏನು ಬಂತು ಎಂದರೆ, ಸರಣಿ ಉಳಿದು ಬಂತು. ಆ ಡ್ರಾ ಆಗದಿದ್ದರೆ ಓವಲ್‌ನ ಕೊನೆಯ ಟೆಸ್ಟ್ ಲೆಕ್ಕಕ್ಕೆ ಮಾತ್ರ ಇರುತ್ತಿತ್ತು.

ಓವಲ್‌ನಲ್ಲಿ ನಡೆದದ್ದನ್ನು ನೀವೆಲ್ಲ ಬಲ್ಲಿರಿ, ಆದರೂ ಅದರ ಕಾಲಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗುರಿ 374. ಹ್ಯಾರಿ ಬ್ರೂಕ್ 19 ರನ್ ಗಳಿಸಿದ್ದಾಗ ಎತ್ತಿ ಹೊಡೆದ ಚೆಂಡನ್ನು ಮೊಹಮ್ಮದ್ ಸಿರಾಜ್ ಹಿಡಿದರು, ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದು ಬೌಂಡರಿ ಹಗ್ಗ ತುಳಿದರು. ವಿಕೆಟ್ ಆಗಬೇಕಾದದ್ದು ಸಿಕ್ಸರ್ ಆಯಿತು, ಬ್ರೂಕ್ 111ರವರೆಗೆ ಹೋದರು, ಜೋ ರೂಟ್ ಕೂಡ ಶತಕ ಮಾಡಿದರು. ಮೂರು ವಿಕೆಟ್‌ಗೆ 301 ರನ್ ಆಗಿದ್ದಾಗ ಟಿವಿ ಆರಿಸಿ ಮಲಗಿದವರನ್ನು ನಾನು ದೂರುವುದಿಲ್ಲ. ಆದರೆ ಮಂದ ಬೆಳಕಿನಿಂದಾಗಿ ಆಟ ನಿಂತಾಗ ಇಂಗ್ಲೆಂಡ್ 339ಕ್ಕೆ ಆರು, ಬೇಕಾದದ್ದು 35. ಕ್ಯಾಚ್ ಕಳೆದ ಸಿರಾಜ್‌ಗೆ ಆ ರಾತ್ರಿ ಉಳಿಯಿತು. ಮರುದಿನ ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು: ಮೊದಲೆರಡು ಚೆಂಡುಗಳಿಗೆ ಜೇಮಿ ಓವರ್ಟನ್ ಬಾರಿಸಿದ ಎರಡು ಬೌಂಡರಿ, ಆಮೇಲೆ ಒಂದೊಂದಾಗಿ ವಿಕೆಟ್‌ಗಳು, ಭುಜ ಜಾರಿದ್ದರಿಂದ ಒಂದು ಕೈಯನ್ನು ಸ್ವೆಟರಿನೊಳಗೆ ಕಟ್ಟಿಕೊಂಡು ಕ್ರೀಸಿಗೆ ಬಂದ ವೋಕ್ಸ್, ಕೊನೆಗೆ ಗಸ್ ಆಟ್ಕಿನ್ಸನ್‌ನ ಸ್ಟಂಪು ಹಾರಿಸಿದ ಸಿರಾಜ್‌ನ ಯಾರ್ಕರ್. ಆರು ರನ್ ಗೆಲುವು, ಸರಣಿ 2–2. ಈ ಸಿರಾಜ್ ಲಾರ್ಡ್ಸ್‌ನಲ್ಲಿ ಕೊನೆಯ ವಿಕೆಟ್ಟಾಗಿ, ತಾನೇ ಸರಿಯಾಗಿ ತಡೆದ ಚೆಂಡು ಉರುಳಿ ಹೋಗಿ ಬೇಲ್ಸ್ ಬೀಳಿಸಿದ್ದನ್ನು ನೋಡಿ ಕುಸಿದು ಕುಳಿತಿದ್ದವರು. ಅಲ್ಲಿ ಭಾರತ 22 ರನ್ನುಗಳಿಂದ ಸೋತಿತ್ತು. ಐದೂ ಟೆಸ್ಟ್‌ಗಳು ಐದನೆಯ ದಿನಕ್ಕೆ ಹೋದ ಸರಣಿಯಾದ್ದರಿಂದಲೇ ಅವರ ಕಥೆಗೆ ಇಂಥ ಮುಕ್ತಾಯ ದೊರಕಿತು.

ಹೀಗೆ ಹೊರಗೆ ಹೋಗಿ ಸಮಯವನ್ನು ಬಳಸಿಕೊಳ್ಳುವ ನಾವು ಮನೆಯಲ್ಲಿ ಅದನ್ನು ಕೊಲ್ಲುತ್ತೇವೆ ಎನ್ನುವುದು ನನ್ನ ದೂರು. 2024ರಲ್ಲಿ ನ್ಯೂಜಿಲೆಂಡ್ ಬಂದು 3–0 ಗೆದ್ದು ಹೋಯಿತು. ಬೆಂಗಳೂರಿನಲ್ಲಿ 46ಕ್ಕೆ ಔಟಾದದ್ದಕ್ಕೆ ಮೋಡ ಮತ್ತು ಸ್ವಿಂಗ್ ಕಾರಣವಾದರೆ, ಪುಣೆಯಲ್ಲಿ ಸ್ಯಾಂಟ್ನರ್‌ಗೆ 13 ವಿಕೆಟ್, ಮುಂಬೈಯಲ್ಲಿ ಎಜಾಜ್ ಪಟೇಲ್‌ಗೆ 11 ವಿಕೆಟ್ ಸಿಕ್ಕಿದ್ದಕ್ಕೆ ನಾವೇ ಸಿದ್ಧಪಡಿಸಿಕೊಂಡ ತಿರುವಿನ ಪಿಚ್‌ಗಳು ಕಾರಣ. ಅಷ್ಟಾದರೂ ಬುದ್ಧಿ ಬರಲಿಲ್ಲ. 2025ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ಮತ್ತೆ ಅಂಥದೇ ಪಿಚ್ ಕೇಳಿ ಪಡೆದು, 124ರ ಗುರಿಯ ಮುಂದೆ 93ಕ್ಕೆ ಔಟಾಗಿ ಮೂರೇ ದಿನದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೋತೆವು. ಗುವಾಹಟಿಯಲ್ಲಿ ಪಿಚ್ ಬ್ಯಾಟಿಂಗಿಗೆ ಒಗ್ಗುವಂತಿದ್ದಾಗ 408 ರನ್ನುಗಳಿಂದ ಸೋತೆವು. ಮೂರು ದಿನದ ಆಟಕ್ಕೆ ಒಗ್ಗಿದ ಕಾಲುಗಳು ಐದು ದಿನ ನಿಲ್ಲಲಾರವು. ಮೊದಲ ದಿನದಿಂದಲೇ ಧೂಳೇಳುವ ಪಿಚ್ಚಿನಲ್ಲಿ ಒಳ್ಳೆಯ ಸ್ಪಿನ್ನರಿಗೂ ಸಾಧಾರಣ ಸ್ಪಿನ್ನರಿಗೂ ಅಂತರ ಅಳಿಯುತ್ತದೆ, ತಪ್ಪು ಮಾಡಿದ ಬ್ಯಾಟರಿಗೆ ತಿದ್ದಿಕೊಳ್ಳಲು ಎರಡನೆಯ ದಿನವೇ ಇರುವುದಿಲ್ಲ. ಟಾಸ್ ಗೆದ್ದವನು ಗೆಲ್ಲುವುದಾದರೆ ಐದು ದಿನದ ಟಿಕೆಟ್ ಮಾರುವುದೇಕೆ?

ಇದು ನಮ್ಮೊಬ್ಬರ ರೋಗವಲ್ಲ. ಅದೇ ಚಳಿಗಾಲದಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ನಡುವೆ ನಡೆದ ಆ್ಯಷಸ್ ಸರಣಿಯಲ್ಲಿ ಪರ್ತ್ ಟೆಸ್ಟ್ ಎರಡು ದಿನದಲ್ಲಿ ಮುಗಿಯಿತು, ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್ ಕೂಡ ಎರಡೇ ದಿನದಲ್ಲಿ ಮುಗಿಯಿತು. ಎರಡಕ್ಕೂ ಕಾರಣ ಬೇರೆ ಬೇರೆ. ಪರ್ತ್‌ನಲ್ಲಿ ಟ್ರಾವಿಸ್ ಹೆಡ್ 83 ಎಸೆತಗಳಲ್ಲಿ 123 ಬಾರಿಸಿ ಗೆದ್ದದ್ದು ಪಿಚ್ಚಿನ ತಪ್ಪಲ್ಲ, ಆಟಗಾರನ ಪ್ರತಾಪ. ಮೆಲ್ಬರ್ನ್‌ನಲ್ಲಿ ಹತ್ತು ಮಿಲಿಮೀಟರ್ ಹುಲ್ಲು ಬಿಟ್ಟದ್ದು ತಪ್ಪು. ಅಲ್ಲಿ ಪಿಚ್ ನೋಡಿಕೊಂಡವರು ಮುಂದೆ ಬಂದು ಪತ್ರಕರ್ತರಿಗೆ ಉತ್ತರ ಕೊಟ್ಟರು ಎಂಬುದನ್ನು ಮಾತ್ರ ಮೆಚ್ಚಿ ಮುಂದೆ ಹೋಗುತ್ತೇನೆ.

ನಮ್ಮ ಹತ್ತಿರದ ಉದಾಹರಣೆಯೊಂದು ಇದಕ್ಕಿಂತ ಹೆಚ್ಚು ಕಲಿಸುತ್ತದೆ. 2024ರ ಜನವರಿಯಲ್ಲಿ ಹುಬ್ಬಳ್ಳಿಯ ರಾಜನಗರ ಕ್ರೀಡಾಂಗಣದಲ್ಲಿ ಕರ್ನಾಟಕ ಮತ್ತು ಪಂಜಾಬ್ ರಣಜಿ ಪಂದ್ಯ ನಡೆಯಿತು. ಮೊದಲ ದಿನ ವಾಸುಕಿ ಕೌಶಿಕ್ 41 ರನ್ನಿಗೆ ಏಳು ವಿಕೆಟ್ ಕಿತ್ತು ಪಂಜಾಬನ್ನು 152ಕ್ಕೆ ಮುಗಿಸಿದರು. ದೇವದತ್ತ ಪಡಿಕ್ಕಲ್ 193 ಹೊಡೆದರು, ಮನೀಷ್ ಪಾಂಡೆ ಶತಕ ಮಾಡಿದರು, ಕರ್ನಾಟಕ ಎಂಟಕ್ಕೆ 514 ಎಂದು ಡಿಕ್ಲೇರ್ ಮಾಡಿಕೊಂಡಿತು. 362ರ ಮುನ್ನಡೆ ಬಿಟ್ಟುಕೊಟ್ಟ ತಂಡದ ಕತೆ ಮುಗಿಯಿತೆಂದು ಯಾರಾದರೂ ಹೇಳುತ್ತಿದ್ದರು. ಆದರೆ ಪಂಜಾಬ್ ಎರಡನೆಯ ಇನಿಂಗ್ಸಿನಲ್ಲಿ 413 ಗಳಿಸಿತು. ಪ್ರಭಸಿಮ್ರನ್ ಸಿಂಗ್ ಶತಕ ಬಾರಿಸಿದರೆ, ಇಂದು ಟಿ20ಯ ಸಿಡಿಲೆಂದು ಹೆಸರಾದ ಅಭಿಷೇಕ್ ಶರ್ಮಾ 91ರವರೆಗೆ ಆಡಿದರು. ಕರ್ನಾಟಕ ಏಳು ವಿಕೆಟ್‌ಗಳಿಂದ ಗೆದ್ದಿತು ನಿಜ, ಆದರೆ ಗೆಲುವಿಗಾಗಿ ನಾಲ್ಕನೆಯ ದಿನ ಮತ್ತೆ ಪ್ಯಾಡ್ ಕಟ್ಟಿಕೊಂಡು ಇಳಿಯಬೇಕಾಯಿತು. ಕೌಶಿಕ್‌ನಂಥ ಬೌಲರ್ ವೇಗದಿಂದ ಹೆದರಿಸುವವರಲ್ಲ. ಗಂಟೆಗಟ್ಟಲೆ ಒಂದೇ ಜಾಗಕ್ಕೆ ಚೆಂಡು ಹಾಕಿ ಬ್ಯಾಟರಿನ ತಾಳ್ಮೆ ಪರೀಕ್ಷಿಸುವುದು ಅವರ ಕಸುಬು, ಅದಕ್ಕೆ ಬೇಕಾದ ದಿನಗಳನ್ನು ಕೊಟ್ಟ ಪಿಚ್ ಅದು.

ಈ ಕಸುಬಿನ ಹಿರಿಯರು ಗದಗಿನ ಸುನೀಲ್ ಜೋಶಿಯವರು. ಹುಡುಗನಾಗಿದ್ದಾಗ ಗದಗಿನಿಂದ ಹುಬ್ಬಳ್ಳಿಗೆ ಬಂದು ಬೆಳಗಿನ ಅಭ್ಯಾಸ ಮುಗಿಸಿ ಮರಳಿ ಶಾಲೆಗೆ ಹೋಗುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಅವರ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್ (ರನ್ನೇ ಕೊಡದ ಓವರ್), 6 ರನ್, 5 ವಿಕೆಟ್. ಗದಗಿನಲ್ಲಿ ಐದು ವಿಕೆಟ್‌ಗಳನ್ನು ನೆನೆಯುವವರೇ ಹೆಚ್ಚು; ನಾನು ಆರು ಮೇಡನ್‌ಗಳನ್ನು ನೆನೆಯುತ್ತೇನೆ. ಒಂದು ದಿನದ ಪಂದ್ಯದಲ್ಲೂ ಒಬ್ಬ ಸ್ಪಿನ್ನರ್ ಎದುರಾಳಿಯ ಮೂವತ್ತಾರು ಚೆಂಡುಗಳನ್ನು ಬರಿದು ಮಾಡಿದರೆ ಉಳಿದ ಕೆಲಸವನ್ನು ಅವಸರವೇ ಮಾಡಿಕೊಡುತ್ತದೆ. (ಇಂಥಲ್ಲಿ ಹಿಂದುಸ್ತಾನಿ ಸಂಗೀತದ ನಿಧಾನಗತಿಯ ವಿಲಂಬಿತ ಖಯಾಲದ ಹೋಲಿಕೆ ತರುವುದು ಧಾರವಾಡದ ಭಾಷಣಕಾರರ ಹಳೆಯ ಚಟ. ನಾನು ಆ ಚಟವನ್ನು ಬಿಟ್ಟಿದ್ದೇನೆ.)

ಸಮಯ ಎಂದರೆ ದಿನಗಳ ಸಂಖ್ಯೆ ಮಾತ್ರವಲ್ಲ, ಟೂರ್ನಿಯ ಕಟ್ಟುಮಾಡು ಕೂಡ. 2025ರ ಮಹಿಳಾ ವಿಶ್ವಕಪ್‌ನಲ್ಲಿ ಎಂಟು ತಂಡಗಳು ಒಬ್ಬರೊಡನೊಬ್ಬರು ಆಡುವ ಲೀಗ್ ಇತ್ತು. ಭಾರತ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳಿಗೆ ಸಾಲಾಗಿ ಸೋತಿತು. ಸಣ್ಣ ಗುಂಪುಗಳ ಟೂರ್ನಿಯಾಗಿದ್ದರೆ ಅಲ್ಲಿಗೆ ಗಂಟುಮೂಟೆ ಕಟ್ಟಬೇಕಿತ್ತು. ಲೀಗ್ ದೀರ್ಘವಾಗಿದ್ದುದರಿಂದ ತಂಡ ಉಸಿರು ಹಿಡಿದು ಸೆಮಿಫೈನಲ್ ತಲುಪಿ, ಆಸ್ಟ್ರೇಲಿಯಾದ 338ನ್ನು ಜೆಮಿಮಾ ರಾಡ್ರಿಗಸ್‌ರ ಅಜೇಯ 127ರ ಬಲದಿಂದ ದಾಟಿತು. ಮೂಲ ತಂಡದಲ್ಲಿ ಇಲ್ಲದೆ, ಪ್ರತೀಕಾ ರಾವಲ್ ಗಾಯಗೊಂಡ ಮೇಲೆ ಕರೆಸಿಕೊಂಡ ಶಫಾಲಿ ವರ್ಮಾ ಫೈನಲ್‌ನಲ್ಲಿ 87 ರನ್ ಮಾಡಿ ಎರಡು ವಿಕೆಟ್ ಕಿತ್ತರು. ದೀಪ್ತಿ ಶರ್ಮಾ ಐದು ವಿಕೆಟ್ ಪಡೆದರು. ಕಪ್ ಬಂತು.

ಟೆನಿಸ್ಸಿಗೆ ಬರುತ್ತೇನೆ. ಗಡಿಯಾರವಿಲ್ಲದ ಆಟ ಇದು. ಕೊನೆಯ ಪಾಯಿಂಟ್ ಗೆಲ್ಲುವವರೆಗೆ ಯಾರೂ ಗೆದ್ದಿರುವುದಿಲ್ಲ. 2025ರ ಜೂನ್ 8ರ ಫ್ರೆಂಚ್ ಓಪನ್ ಫೈನಲ್ ಈ ನಿಯಮಕ್ಕೆ ಬರೆದ ಭಾಷ್ಯದಂತಿತ್ತು. ಸಿನ್ನರ್ ಎರಡು ಸೆಟ್ ಗೆದ್ದು, ನಾಲ್ಕನೆಯ ಸೆಟ್‌ನಲ್ಲಿ 5–3 ಮುಂದಿದ್ದರು; ಅಲ್ಕರಾಜ್ ಸರ್ವ್ ಮಾಡುವಾಗ 0–40, ಅಂದರೆ ಒಂದನ್ನು ಗೆದ್ದರೂ ಕಪ್ ಕೈಗೆ ಬರುವಂಥ ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳು. ಮೂರೂ ಹೋದವು. ಆ ಸೆಟ್ ಟೈ ಬ್ರೇಕಿನಲ್ಲಿ (ಗೇಮ್‌ಗಳು ಸಮವಾದಾಗ ಸೆಟ್ಟನ್ನು ತೀರ್ಮಾನಿಸುವ ಕೊನೆಯ ಆಟದಲ್ಲಿ) ಅಲ್ಕರಾಜ್‌ಗೆ ಹೋಯಿತು, ಐದನೆಯದು ಹತ್ತು ಪಾಯಿಂಟ್‌ಗಳ ಟೈ ಬ್ರೇಕಿಗೆ ಹೋಗಿ 10–2ರಲ್ಲಿ ಮುಗಿಯಿತು. ಐದು ಗಂಟೆ 29 ನಿಮಿಷ. ಪಾಯಿಂಟ್‌ಗಳನ್ನು ಕೂಡಿಸಿದವರಿಗೆ ಸಿಕ್ಕ ಲೆಕ್ಕ ಇನ್ನೂ ಸೋಜಿಗದ್ದು: ಸೋತ ಸಿನ್ನರ್ 193, ಗೆದ್ದ ಅಲ್ಕರಾಜ್ 192. ಅಂಥ ಸೋಲಿನ ನಂತರ ಮನುಷ್ಯ ಏಳುವುದು ಕಷ್ಟ. ಸಿನ್ನರ್ ಐದು ವಾರಗಳಲ್ಲಿ ವಿಂಬಲ್ಡನ್ ಫೈನಲ್‌ಗೆ ಬಂದು, ಮೊದಲ ಸೆಟ್ ಕಳೆದುಕೊಂಡು, ಉಳಿದ ಮೂರನ್ನೂ 6–4, 6–4, 6–4ರಲ್ಲಿ ಗೆದ್ದರು. ನಾನು ಮೊದಲಿಗೆ ಹೇಳಿದ ರವಿವಾರ ರಾತ್ರಿಯ ಮೂರು ಆಟಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಇದೇ.

ಹೆಣ್ಣುಮಕ್ಕಳ ಪಂದ್ಯ ಮೂರು ಸೆಟ್‌ಗಳದ್ದಾದ್ದರಿಂದ ಅಲ್ಲಿ ಇಂಥದು ಸಾಧ್ಯವಿಲ್ಲ ಎನ್ನುವವರಿದ್ದಾರೆ. ಅದೇ ವಿಂಬಲ್ಡನ್‌ನಲ್ಲಿ ಅಮಾಂಡಾ ಅನಿಸಿಮೋವಾ ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್ ಎದುರು 6–0, 6–0ರಲ್ಲಿ, ಒಂದು ಗಂಟೆಯೂ ಆಗದೆ ಸೋತರು. ಅಷ್ಟು ಜನರ ಮುಂದೆ ಒಂದು ಗೇಮ್ ಕೂಡ ಸಿಗದೆ ನಿಲ್ಲುವುದೆಂದರೆ ಏನೆಂದು ಆಟ ಆಡಿದವರಿಗೆ ಗೊತ್ತು. ಎರಡು ತಿಂಗಳೂ ಕಳೆಯುವ ಮೊದಲು ಯುಎಸ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಶ್ವಿಯಾಂಟೆಕ್‌ರನ್ನು ಅವರು ನೇರ ಸೆಟ್‌ಗಳಲ್ಲಿ ಸೋಲಿಸಿ ಫೈನಲ್‌ವರೆಗೆ ಹೋದರು. ಮರಳಿ ಬರುವ ಸಮಯ ಪಂದ್ಯದೊಳಗೆ ಸಿಗದಿದ್ದರೆ ಋತುವಿನೊಳಗೆ ಸಿಗುತ್ತದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣನಿಗೆ ಅದು ಇಡೀ ಬಾಳಿನೊಳಗೆ ಸಿಕ್ಕಿತು: 2010 ಮತ್ತು 2023ರ ಯುಎಸ್ ಓಪನ್ ಡಬಲ್ಸ್ ಫೈನಲ್‌ಗಳಲ್ಲಿ ಸೋತು, 2024ರಲ್ಲಿ 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು.

ಆದರೆ ಈ ಮಾತೆಲ್ಲ ಮೇಲಿನ ನೂರು ಜನರಿಗೆ ಸಲ್ಲುವಂಥದು. ಇದೇ ಧಾರವಾಡದ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ 2023ರ ಅಕ್ಟೋಬರಿನಲ್ಲಿ 25 ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಟೂರ್ನಿ ನಡೆದು ರಾಮ್‌ಕುಮಾರ್ ರಾಮನಾಥನ್ ಗೆದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಮಟ್ಟದಲ್ಲಿ ಮೊದಲ ಸುತ್ತಿನಲ್ಲಿ ಸೋತ ಸಿಂಗಲ್ಸ್ ಆಟಗಾರನಿಗೆ ಒಂದು ರ‍್ಯಾಂಕಿಂಗ್ ಪಾಯಿಂಟ್ ಕೂಡ ಬರುವುದಿಲ್ಲ. ಕೈಗೆ ಬಂದ ಹಣ ಮುಂದಿನ ಊರಿನ ಟಿಕೆಟ್ಟಿಗೂ ಲಾಡ್ಜಿಗೂ ಸಾಲುವುದು ಅನುಮಾನ. ಅಲ್ಕರಾಜ್‌ಗೆ ಐದು ಗಂಟೆ ಕೊಡುವ ಆಟ ಇವರಿಗೆ ಎರಡು ವಾರಗಳನ್ನೂ ಕೊಡುವುದಿಲ್ಲ. ಟೆನಿಸ್ ಆಡಳಿತಗಾರರ ಮೇಲೆ ನನಗಿರುವ ದೊಡ್ಡ ಸಿಟ್ಟು ಇದು. ಗ್ರಾಂಡ್‌ಸ್ಲಾಂ ವಿಜೇತರ ಬಹುಮಾನ ಪ್ರತಿವರ್ಷ ಏರಿತೆಂದು ಹೆಮ್ಮೆಯಿಂದ ಹೇಳುವವರು ಈ ಅಂಕಣಗಳಿಗೆ ಒಮ್ಮೆ ಬಂದು ಕುಳಿತು ನೋಡಬೇಕು.

ಫುಟ್‌ಬಾಲಿನಲ್ಲಿ ಮರಳಿ ಬರುವ ಸಮಯ ತೊಂಬತ್ತು ನಿಮಿಷಕ್ಕೆ ಸೀಮಿತ, ಹಾಗಾಗಿಯೇ ಅದಕ್ಕೆ ಬೆಲೆ ಹೆಚ್ಚು. ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗಿನ 2025ರ ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ, ಮೊದಲನೆಯದು 3–3 ಆಗಿದ್ದ ಮೇಲೆ, ಬಾರ್ಸಿಲೋನಾ ಎರಡು ಗೋಲು ಹಿಂದಿನಿಂದ ಬಂದು 87ನೆಯ ನಿಮಿಷಕ್ಕೆ 3–2 ಮುಂದಾಯಿತು. ತೊಂಬತ್ತು ನಿಮಿಷದ ಮೇಲೆ ಸೇರಿಸಿದ ಸಮಯದ ಮೂರನೆಯ ನಿಮಿಷದಲ್ಲಿ ಇಂಟರ್ ಮಿಲಾನ್‌ನ 37 ವರ್ಷದ ಡಿಫೆಂಡರ್ ಅಚೆರ್ಬಿ, ತನಗೇನೂ ಕೆಲಸವಿಲ್ಲದ ಜಾಗಕ್ಕೆ ನುಗ್ಗಿ ಸಮ ಮಾಡಿದರು, ಆಮೇಲೆ ಇಂಟರ್ ಗೆದ್ದಿತು. ನಮ್ಮಲ್ಲಿ ಆಗ ಬೆಳಗಿನ ಜಾವ. ಆ ಇಂಟರ್ ಫೈನಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್‌ಗೆ, ಅಂದರೆ ಪಿಎಸ್‌ಜಿಗೆ, 5–0ರಲ್ಲಿ ಸೋತದ್ದು ಬೇರೆ ಮಾತು.

ಪಿಎಸ್‌ಜಿಯ ಆ ಗೆಲುವಿನ ಹಿಂದೆಯೂ ಸಮಯವೇ ಇತ್ತು. 2017ರಲ್ಲಿ 222 ದಶಲಕ್ಷ ಯೂರೊ ಕೊಟ್ಟು ನೇಮರ್‌ರನ್ನು ತಂದ ಕ್ಲಬ್ಬು, ನಂತರ ಮೆಸ್ಸಿಯನ್ನೂ ತಂದು, ಎಂಬಾಪೆಯನ್ನೂ ಇಟ್ಟುಕೊಂಡು, ಯುರೋಪಿನ ಕಪ್ ಗೆಲ್ಲಲಾರದೆ ಹೋಯಿತು. ಮೂವರೂ ಬಿಟ್ಟು ಹೋದ ಮೇಲೆ ಕೋಚ್ ಲೂಯಿಸ್ ಎನ್ರಿಕೆಯ ಹುಡುಗರು ಗೆದ್ದರು. ಅದೂ ಸುಲಭವಾಗಿ ಅಲ್ಲ: ಲೀಗ್ ಹಂತದಲ್ಲಿ ಆರ್ಸೆನಲ್, ಅಟ್ಲೆಟಿಕೊ, ಬಯರ್ನ್‌ಗಳಿಗೆ ಸೋತು, ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 0–2 ಹಿಂದಿದ್ದು 4–2 ಗೆದ್ದು, 36 ತಂಡಗಳಲ್ಲಿ 15ನೆಯವರಾಗಿ ದಾಟಿದರು. ಆ ಸೋಲುಗಳ ನಂತರ ಡಿಸೆಂಬರಿನಲ್ಲೇ ಕೋಚ್‌ನನ್ನು ಕಿತ್ತೊಗೆದಿದ್ದರೆ ಈ ಕಪ್ ಇರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಆಗುವುದು ಬೇರೆ. ಕೋಚ್ ಆಂಜ್ ಪೋಸ್ಟೆಕೊಗ್ಲು 2025ರ ಮೇ ತಿಂಗಳಲ್ಲಿ ಟಾಟೆನ್‌ಹ್ಯಾಮ್‌ಗೆ ಯುರೋಪಾ ಲೀಗ್ ಗೆದ್ದುಕೊಟ್ಟರು, ಇಂಗ್ಲೆಂಡಿನ ದೇಶೀಯ ಲೀಗಿನಲ್ಲಿ ತಂಡ 17ನೆಯ ಸ್ಥಾನಕ್ಕೆ ಇಳಿದಿದ್ದರಿಂದ ಜೂನ್‌ನಲ್ಲಿ ಕೆಲಸ ಕಳೆದುಕೊಂಡರು; ಸೆಪ್ಟೆಂಬರಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿ 39 ದಿನಗಳಲ್ಲಿ ಅಲ್ಲಿಂದಲೂ ಹೊರಬಿದ್ದರು. ಒಂದು ತಂಡ ಹೊಸ ಕೋಚ್‌ನ ಆಟವನ್ನು ಕಲಿಯಲು ಮೂವತ್ತೊಂಬತ್ತು ದಿನ ಸಾಕು ಎಂದು ನಂಬುವ ಮಾಲೀಕರನ್ನು ಫುಟ್‌ಬಾಲ್ ಗೊತ್ತಿದ್ದವರೆಂದು ನಾನು ಒಪ್ಪಲಾರೆ.

ಪಂದ್ಯಗಳ ಸಂಖ್ಯೆಯೂ ಹೀಗೆಯೇ ಸಮಯವನ್ನು ತಿನ್ನುತ್ತಿದೆ. ಚಾಂಪಿಯನ್ಸ್ ಲೀಗ್ 125 ಪಂದ್ಯಗಳಿಂದ 189ಕ್ಕೆ ಬೆಳೆಯಿತು, ಕ್ಲಬ್ ವಿಶ್ವಕಪ್ 32 ತಂಡಗಳದ್ದಾಯಿತು, 2026ರ ವಿಶ್ವಕಪ್‌ಗೆ 48 ತಂಡ, 104 ಪಂದ್ಯ. ಇಷ್ಟು ಆಡಿದರೆ ಆಟಗಾರರು ಮುಷ್ಕರ ಹೂಡುವ ದಿನ ದೂರವಿಲ್ಲ ಎಂದು 2024ರ ಸೆಪ್ಟೆಂಬರಿನಲ್ಲಿ ಹೇಳಿದ ಮ್ಯಾಂಚೆಸ್ಟರ್ ಸಿಟಿಯ ರೊಡ್ರಿ ಕೆಲವೇ ದಿನಗಳಲ್ಲಿ ಮೊಣಕಾಲಿನ ಗಾಯದಿಂದ ಋತುವಿನ ಬಹುಭಾಗ ಹೊರಗುಳಿದರು. ಮೇ 31ಕ್ಕೆ ಇಂಟರನ್ನು ಐದು ಗೋಲುಗಳಿಂದ ಸೋಲಿಸಿದ ಪಿಎಸ್‌ಜಿ ಜುಲೈ 13ಕ್ಕೆ ಚೆಲ್ಸಿಗೆ 0–3ರಲ್ಲಿ ಸೋತದ್ದರಲ್ಲಿ ಚೆಲ್ಸಿಯ ಚಾಣಾಕ್ಷತನ ಎಷ್ಟು, ದಣಿದ ಕಾಲುಗಳ ಪಾಲು ಎಷ್ಟು ಎಂಬುದನ್ನು ನೀವೇ ನಿರ್ಧರಿಸಿರಿ.

ಉಪನ್ಯಾಸ ಮುಗಿದ ಮೇಲೆ ಹುಬ್ಬಳ್ಳಿಯ ತರುಣರೊಬ್ಬರು ಎದ್ದು, “ಹಂಗಾದ್ರ ನೀವು ಐಪಿಎಲ್ ನೋಡೂದs ಇಲ್ಲೇನ್ರಿ?” ಎಂದು ಕೇಳಿದರು. ನೋಡುತ್ತೇನೆ. ಬೆಂಗಳೂರು ತಂಡ ಹದಿನೆಂಟನೆಯ ಋತುವಿನಲ್ಲಿ ಕಪ್ ಎತ್ತಿದಾಗ ಸಂತೋಷಪಟ್ಟೆ. ಅಷ್ಟು ವರ್ಷ ಕಾದ ನಾವು ಮೆರವಣಿಗೆಗೆ ಇನ್ನೊಂದು ವಾರ ಕಾಯದೆ, ಮರುದಿನವೇ ಜನರನ್ನು ಸೇರಿಸಿ ಹನ್ನೊಂದು ಜೀವಗಳನ್ನು ಕಳೆದುಕೊಂಡದ್ದಕ್ಕೆ ಈಗಲೂ ಸಂಕಟವಿದೆ. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಕರ್ನಾಟಕದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಗೆದ್ದಾಗಲೂ ಕುಣಿದವರಲ್ಲಿ ನಾನೊಬ್ಬ. ಟಿ20ಯ ಮೇಲೆ ನನಗೆ ಹಗೆಯಿಲ್ಲ, ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸಿಕೊಳ್ಳಲು ಬಿಡುವ, 2023ರಿಂದ ಬಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮದ ಮೇಲೆ ಇದೆ. ಮೂರು ವಿಕೆಟ್ ಬೇಗ ಬಿದ್ದರೆ ಹೊರಗಿನಿಂದ ಒಬ್ಬ ಬ್ಯಾಟರನ್ನು ಕರೆಸಿಕೊಳ್ಳುವ ಅನುಕೂಲವಿರುವಾಗ, ಉಳಿದವರು ನಿಂತು ಆಡಿ ಇನಿಂಗ್ಸ್ ಕಟ್ಟಬೇಕಾದ ಅಗತ್ಯ ತಪ್ಪುತ್ತದೆ. ನಾಲ್ಕು ಓವರ್ ಹಾಕಬಲ್ಲ ಬ್ಯಾಟರ್‌ಗೆ ಚೆಂಡೇ ಸಿಗುವುದಿಲ್ಲ, ಅಂತರರಾಷ್ಟ್ರೀಯ ಪಂದ್ಯದಲ್ಲಿ ಆ ನಿಯಮವಿಲ್ಲದಿರುವುದರಿಂದ ಅಲ್ಲಿ ಆಲ್‌ರೌಂಡರ್ ಬೇಕಾದಾಗ ಹುಡುಕಾಡುತ್ತೇವೆ. ರೋಹಿತ್ ಶರ್ಮಾ 2024ರಲ್ಲೇ ತಮಗೆ ಇದು ಹಿಡಿಸದೆಂದು ಬಹಿರಂಗವಾಗಿ ಹೇಳಿದ್ದರು. ಆ ನಿಯಮ ತೆಗೆದರೆ ಐಪಿಎಲ್ ಬಗೆಗಿನ ನನ್ನ ಅರ್ಧ ತಕರಾರು ಮುಗಿಯುತ್ತದೆ. ಉಳಿದರ್ಧ ಒಳಗೆ ಎಳೆದು ಕಟ್ಟುವ ಬೌಂಡರಿ ಹಗ್ಗದ್ದು. ಅದನ್ನು ಮೈದಾನದ ಅಂಚಿಗೆ ಸರಿಸಿ ಕಟ್ಟಿದರೆ ಸಾಕು.